ತಲೆಗೆ ಹಾಕಿದ ಆ ವಯರ್

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹಳೆಯ ವಿದ್ಯಾರ್ಥಿಯೊಬ್ಬನನ್ನು ನೋಡಲು ಕೆಲವು ವರ್ಷಗಳ ಹಿಂದೆ ಆಸ್ಪತ್ರೆಗೆ ಹೋಗಿದ್ದೆ. ಐ.ಸಿ.ಯು.ವಿನ ಹೊರಗೆ ಅವನ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಉಸ್ತಾದರೇ, ಮೊದಲೇ ಒಡೆದ ತಲೆ. ಅದಕ್ಕೆ ಇನ್ನೊಂದು ತೂತು ಕೊರೆದು ವಯರ್ ಯಾಕೆ ಹಾಕಿದ್ದಾರೆ?" ಸಹಿ ಪಡೆಯುವಾಗ ಡಾಕ್ಟರರು ವಿವರಿಸಿದ್ದರಂತೆ. ಆ ಹೊತ್ತಿನಲ್ಲಿ ಯಾವ ತಾಯಿಯ ಮನಸ್ಸಿಗೆ ಅದು ಇಳಿದೀತು? ನನ್ನ ಬಿ.ಎ.ಯಲ್ಲಿ ವಿಜ್ಞಾನವಿರಲಿಲ್ಲ. ಡಾಕ್ಟರರಲ್ಲಿ ಕೇಳಿ, ಆಮೇಲೆ ಓದಿ ತಿಳಿದದ್ದನ್ನು ಹೇಳುತ್ತೇನೆ.

ತಲೆಬುರುಡೆಯೆಂದರೆ ಬಿಗಿಯಾಗಿ ಮುಚ್ಚಳ ಹಾಕಿದ ಡಬ್ಬಿ. ಒಳಗಿರುವುದು ಮೂರೇ: ಮೆದುಳು, ರಕ್ತ ಮತ್ತು ಮೆದುಳನ್ನು ಆವರಿಸಿದ ನೀರಿನಂಥ ದ್ರವ. ಕೈ ಊದಿದರೆ ಚರ್ಮ ಹಿಗ್ಗುತ್ತದೆ. ಮೆದುಳು ಊದಿದರೆ ಬುರುಡೆ ಹಿಗ್ಗುವುದಿಲ್ಲ. ಮೊದಮೊದಲು ದ್ರವ ಬೆನ್ನುಹುರಿಯ ಕಡೆಗೆ ಸರಿದು ಜಾಗ ಬಿಟ್ಟುಕೊಡುತ್ತದೆ. ಆ ಜಾಗವೂ ಮುಗಿಯಿತೆಂದರೆ ಒತ್ತಡ ಒಮ್ಮೆಲೇ ಏರುತ್ತದೆ.

ಏರಿದರೇನು? ಮಾಳಿಗೆಯ ಟ್ಯಾಂಕಿನ ನೀರು ನಳ್ಳಿಗೆ ಬರಬೇಕಾದರೆ ಪೈಪನ್ನು ಯಾರೂ ಅದುಮಿರಬಾರದು. ದೇಹದ ಸರಾಸರಿ ರಕ್ತದೊತ್ತಡ 90, ತಲೆಯೊಳಗಿನದು 10 ಇದ್ದರೆ ಮೆದುಳಿಗೆ ರಕ್ತ ತಳ್ಳುವ ಬಲ 80. ಒಳಗಿನದು 40ಕ್ಕೆ ಏರಿದರೆ ಉಳಿಯುವುದು 50 ಮಾತ್ರ. ಕನಿಷ್ಠ 60 ಇರಲೆಂದು ಡಾಕ್ಟರರು ಹೆಣಗುತ್ತಾರೆ. ದೊಡ್ಡವರಲ್ಲಿ ತಲೆಯೊಳಗಿನ ಒತ್ತಡ ಸಾಮಾನ್ಯವಾಗಿ 7ರಿಂದ 15 ಮಿಲಿಮೀಟರ್ ಪಾದರಸದಷ್ಟು. 22 ದಾಟಿದರೆ ಚಿಕಿತ್ಸೆ ಬೇಕೆನ್ನುತ್ತದೆ 2016ರ ಅಮೆರಿಕದ ಮಾರ್ಗಸೂಚಿ.

ಎಚ್ಚರವಿದ್ದವನಾದರೆ ತಲೆನೋವು, ವಾಂತಿ, ಮಂಪರು ಎಂದು ತಿಳಿದೀತು. ನಿದ್ದೆಯ ಔಷಧಿ ಕೊಟ್ಟು ವೆಂಟಿಲೇಟರಿನಲ್ಲಿ ಮಲಗಿಸಿದವನು ಏನು ಹೇಳಿಯಾನು? ಕಣ್ಣಿನ ಪಾಪೆ ಹಿಗ್ಗುವ ಹೊತ್ತಿಗೆ ಬಹಳಷ್ಟು ಸಲ ತಡವಾಗಿರುತ್ತದೆ. ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ ಎಂಬ ಶಸ್ತ್ರವೈದ್ಯರು ಮೆದುಳಿನ ದ್ರವಕೋಣೆಗೆ ಸಣ್ಣ ನಳಿಕೆಯಿಳಿಸಿ, ಒತ್ತಡವನ್ನು ಗಂಟೆಗಟ್ಟಲೆ ದಾಖಲಿಸಿ 1960ರಲ್ಲಿ ಪ್ರಕಟಿಸಿದರು. ಒತ್ತಡ ಇದ್ದಕ್ಕಿದ್ದಂತೆ 50ಕ್ಕೂ ಮೇಲೇರಿ, ಹಲವು ನಿಮಿಷ ಅಲ್ಲೇ ನಿಂತು, ಮತ್ತೆ ಇಳಿಯುವುದನ್ನು ಅವರು ಕಂಡರು. ಒಮ್ಮೆ ಅಳೆದು ಬಿಟ್ಟರೆ ಇದು ಕಾಣದು.

ನಳಿಕೆಯಾದರೆ ಹೆಚ್ಚಾದ ದ್ರವವನ್ನು ಹೊರಗೆ ಬಿಡಲೂಬಹುದು. ವಯರ್ ಬರೇ ಅಳೆಯುತ್ತದೆ. ರಕ್ತಸ್ರಾವ, ಸೋಂಕಿನ ಅಪಾಯ ಎರಡಕ್ಕೂ ಉಂಟು. ಬೊಲಿವಿಯಾ ಮತ್ತು ಈಕ್ವೆಡಾರ್‌ನಲ್ಲಿ 324 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒತ್ತಡ ಅಳೆದು ಚಿಕಿತ್ಸೆ ಕೊಟ್ಟವರಿಗೂ, ಸ್ಕ್ಯಾನ್ ಮತ್ತು ಪರೀಕ್ಷೆಯ ಆಧಾರದಲ್ಲಿ ಕೊಟ್ಟವರಿಗೂ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡೂ ಕಡೆ ರೋಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದರು. ವಯರ್ ಇಲ್ಲದ ಆಸ್ಪತ್ರೆಯಲ್ಲಿ ಮಗನನ್ನು ಸೇರಿಸಿದೆನೆಂದು ಕೊರಗುವ ತಾಯಂದಿರು ಇದನ್ನೂ ತಿಳಿದಿರಬೇಕು.

ಆ ಸಂಜೆ ಅಜ್ಜಿಯೊಂದಿಗೆ ನನ್ನನ್ನೂ ಒಳಗೆ ಬಿಟ್ಟರು. ಅವರು ಮೊಮ್ಮಗನ ಆಸೆ ಬಿಟ್ಟಿದ್ದರೆಂದು ಕಾಣುತ್ತದೆ. ಮೆಲ್ಲನೆ ಅವನ ಮುಖವನ್ನು ಕಿಬ್ಲಾದ ಕಡೆಗೆ ತಿರುಗಿಸಿದರು. ಪರದೆಯಲ್ಲಿ 16 ಇದ್ದದ್ದು 21, 24 ಎಂದು ಏರತೊಡಗಿತು. ನರ್ಸ್ ಓಡಿಬಂದು ಕುತ್ತಿಗೆ ನೆಟ್ಟಗೆ ಮಾಡಿದಳು. ಕುತ್ತಿಗೆ ತಿರುಚಿದರೆ ತಲೆಯಿಂದ ರಕ್ತ ಇಳಿಯುವ ನಾಳಗಳು ಅದುಮಿಹೋಗುತ್ತವೆ. ತಲೆಯ ಕಡೆ ಮಂಚವನ್ನು 30 ಡಿಗ್ರಿ ಎತ್ತರಿಸಿ ಇಡುವುದೂ ರಕ್ತ ಸರಾಗವಾಗಿ ಇಳಿಯಲೆಂದೇ. ನಾವಾಗಿ ದಿಂಬು ತುರುಕಬಾರದು. ಸ್ವಲ್ಪ ಹೊತ್ತಿನಲ್ಲಿ ಅಂಕೆ 17ಕ್ಕೆ ಇಳಿಯಿತು. ಅಜ್ಜಿ ನಡುಗುತ್ತಿದ್ದರು. "ಗದರಲಿಲ್ಲ ಉಮ್ಮಾ," ಎಂದಳು ನರ್ಸ್, "ಅವನ ತಲೆ ನೇರ ಇರಲಿ, ನೀವು ಬೇಕಾದ ಕಡೆಗೆ ತಿರುಗಿ ದುಆ ಮಾಡಿ."

ಆರನೇ ದಿನ ವಯರ್ ತೆಗೆದರು. ಹುಡುಗ ಈಗ ಅಂಗಡಿಯಲ್ಲಿ ಕೂರುತ್ತಾನೆ. ಗಿರಾಕಿಗಳ ಹೆಸರು ಮರೆಯುತ್ತಾನೆ, ಲೆಕ್ಕ ತಪ್ಪುವುದಿಲ್ಲ.