‘ಮೇಲಿನವರ ಆಜ್ಞೆ’ ಎಂಬ ನೆಪ

ನಮ್ಮ ಸಮಾಜದ ಅನೇಕ ಯುವಕರು ಇಂದು ಬ್ಯಾಂಕು, ವಿಮಾ ಕಂಪನಿ, ಕಾರ್ಖಾನೆಗಳಲ್ಲಿ ಮ್ಯಾನೇಜರರಾಗಿದ್ದಾರೆ. ಮದುವೆಯ ಮಾತುಕತೆಯಲ್ಲಿ ಈ ಹುದ್ದೆಗೆ ದೊರೆಯುವ ಮನ್ನಣೆ ಎಲ್ಲರೂ ಬಲ್ಲದ್ದೇ. ಆದರೆ ಅದರೊಳಗಿನ ಸಂಕಟವನ್ನು ಕೇಳುವವರಿಲ್ಲ. ಮೇಲಿನವರು ಗುರಿ ಗೊತ್ತುಮಾಡುತ್ತಾರೆ, ಕೆಳಗಿನವರು ದುಡಿಯುತ್ತಾರೆ, ನಡುವಿನವನು ಇಬ್ಬರ ನಿಷ್ಠುರವನ್ನೂ ಉಣ್ಣುತ್ತಾನೆ. ಅವನ ಬಗ್ಗೆ ನನಗೆ ಮರುಕವಿದೆ. ಆದರೆ “ನಾನೇನೂ ಮಾಡಲಿಲ್ಲ, ಮೇಲಿನಿಂದ ಬಂದುದನ್ನು ಕೆಳಗೆ ತಿಳಿಸಿದೆ, ಅಷ್ಟೆ” ಎಂಬ ಅವನ ಸಮಾಧಾನವನ್ನು ಮಾತ್ರ ಒಪ್ಪಲಾರೆ. ಇದಕ್ಕೆ ತಂದೆತಾಯಿಗಳೂ ತಲೆದೂಗುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಯಿತು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಚಾರ್ಯರು ಆಸ್ರವದ ಜೀವಾಧಿಕರಣವನ್ನು ಎಣಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು, ಮನ, ವಚನ, ಕಾಯ ಎಂದು ಮೂರು, ಕೃತ, ಕಾರಿತ, ಅನುಮತ ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೂ ಇದೇ ಲೆಕ್ಕ ಹೇಳುವ ರೂಢಿಯಿದೆ. ವಾಣಿಜ್ಯ ಓದಿದ ನನಗೆ ಇದರಲ್ಲಿ ಇನ್ನೊಂದು ಲೆಕ್ಕ ಕಾಣುತ್ತದೆ. ತಾನೇ ಮಾಡಿದ್ದರ ಪಾಲು 36 ಮಾತ್ರ. ಮಾಡಿಸಿದ್ದು, ಒಪ್ಪಿದ್ದು ಸೇರಿದರೆ 72. ಮೇಲಿನವರಿಗೆ ‘ಆಗಲಿ’ ಎಂದದ್ದು ಅನುಮತ, ಕೆಳಗಿನವರಿಗೆ ‘ಮಾಡು’ ಎಂದದ್ದು ಕಾರಿತ. ನಡುವಿನ ಅಧಿಕಾರಿಯ ದಿನಚರಿಯೆಲ್ಲ ಈ 72ರೊಳಗೇ ಇದೆ! ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಅನುಮತಿತ್ಯಾಗ ಹತ್ತನೆಯದು. ಒಪ್ಪಿಗೆಯ ಅಂಟು ಅಷ್ಟು ಗಟ್ಟಿಯಾದುದು.

ಪರಿಚಿತನೊಬ್ಬ ಬ್ಯಾಂಕಿನ ಶಾಖೆಯ ವ್ಯವಸ್ಥಾಪಕ. ವೃದ್ಧರೊಬ್ಬರ ಠೇವಣಿಯ ಅವಧಿ ಮುಗಿದಿತ್ತು. “ಸಂಜೆಯೊಳಗೆ ಎರಡು ಪಾಲಿಸಿ ಆಗಲೇಬೇಕು” ಎಂದಷ್ಟೇ ಇವನು ಕೌಂಟರಿನ ಹುಡುಗಿಗೆ ಹೇಳಿದ. ಅವಳು ವಿಮೆಯನ್ನು ಠೇವಣಿಯೆಂದು ಹೇಳಿ ಸಹಿ ಹಾಕಿಸಿದಳು. ಸುಳ್ಳು ಯಾರದು? ನಾಲಿಗೆ ಅವಳದು, ನಿಜ. ಆದರೆ ಆ ಸುಳ್ಳಿಲ್ಲದೆ ಗುರಿ ಮುಟ್ಟದೆಂದು ಇವನಿಗೆ ಬೆಳಿಗ್ಗೆಯೇ ಗೊತ್ತಿತ್ತು.

ಇದು ನಮ್ಮ ದೇಶಕ್ಕೇ ಸೀಮಿತವಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಗ್ರಾಹಕರ ಅರಿವಿಲ್ಲದೆ ಲಕ್ಷಗಟ್ಟಲೆ ಖಾತೆಗಳನ್ನು ತೆರೆದದ್ದಕ್ಕಾಗಿ 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಒಬ್ಬೊಬ್ಬ ಗ್ರಾಹಕನಿಗೂ ಬ್ಯಾಂಕಿನ ಎಂಟು ಸೇವೆಗಳನ್ನು ಮಾರುವುದು ಅಲ್ಲಿಯ ಹಂಬಲವಾಗಿತ್ತು. ಕೆಲಸ ಕಳೆದುಕೊಂಡವರು ಸುಮಾರು 5,300 ಮಂದಿ. ಎಂಟೆಂಬ ಅಂಕಿ ಮೇಲಿನದು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕಿರಿಯ ನೌಕರನ ಮೇಜಿಗೆ ಮುಟ್ಟಿಸಿದವರು ನಡುವಿನವರು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತು, ಕತ್ತೆಗಳ ಮಾತೆಂದು ನಾವು ಅದನ್ನು ಓದಿ ದಾಟಿಬಿಡುತ್ತೇವೆ. ನಾನೂ ದಾಟಿದವನೇ. ಅದೊಂದು ದೀಪಾವಳಿಗೆ ಮೊದಲು ಮಾಲು ಬೇಗ ಇಳಿಯಲೆಂದು ನಮ್ಮ ಅಂಗಡಿಯ ಹಿರಿಯ ಗುಮಾಸ್ತರನ್ನು ಅವಸರಪಡಿಸಿದೆ. ಅವರು ಹುಡುಗರಿಂದ ರಾತ್ರಿಯೆಲ್ಲ ಮೂಟೆ ಹೊರಿಸಿದರು. ಒಬ್ಬನ ಸೊಂಟ ಹಿಡಿದುಹೋಯಿತು. ನಾನು ಗುಮಾಸ್ತರನ್ನು ಬೈದೆ, ಅವರು ಹುಡುಗನನ್ನು ಬೈದರು. ಬೈಗುಳವೂ ಅದೇ ಮೆಟ್ಟಿಲುಗಳಲ್ಲೇ ಇಳಿಯಿತು.

“ಹಾಗಾದರೆ ಕೆಲಸ ಬಿಡಬೇಕೇ? ಸಾಲದ ಕಂತು ಯಾರು ಕಟ್ಟುತ್ತಾರೆ?” ಎಂದು ಕೇಳುವಿರಿ. ಬಿಡಿ ಎಂದು ನಾನು ಹೇಳುತ್ತಿಲ್ಲ. ಬೇರೆಯವರ ಅಧೀನದಲ್ಲಿರುವುದೇ ದೋಷವೂ ಅಲ್ಲ. ಗಂಗರ ಸೇವೆಯಲ್ಲಿದ್ದ ಚಾವುಂಡರಾಯನಿಗೆ ‘ಸತ್ಯಯುಧಿಷ್ಠಿರ’ ಎಂಬ ಬಿರುದಿತ್ತು. ಸಾಧ್ಯವಾಗದ ಗುರಿಯನ್ನು ಸಾಧ್ಯವಿಲ್ಲವೆಂದು ಮೇಲಿನವರಿಗೆ ಲಿಖಿತವಾಗಿ ತಿಳಿಸಬಹುದು. ಸುಳ್ಳಿನಿಂದ ಬಂದ ವ್ಯಾಪಾರ ಬೇಡವೆಂದು ಕೆಳಗಿನವರಿಗೆ ಬಾಯಿಬಿಟ್ಟು ಹೇಳಬಹುದು. ಬಡ್ತಿ ಒಂದೆರಡು ವರ್ಷ ತಡವಾದೀತು. ಆ ತಡವನ್ನು ಮನೆಯವರು ಸಹಿಸಬೇಕು, ನೆಂಟರಿಷ್ಟರು ಆಡಿಕೊಳ್ಳದಿರಬೇಕು. ಇದೇ ಕಷ್ಟವಾದದ್ದು, ಒಪ್ಪುತ್ತೇನೆ.

ಟ್ರಸ್ಟಿಗಳಿಗೂ ಒಂದು ಮಾತು. ಮಹೋತ್ಸವ ಸಮೀಪಿಸಿದಾಗ ನಾವು ನಿಧಿಯ ಮೊತ್ತ ಗೊತ್ತುಮಾಡಿ ಕ್ಷೇತ್ರದ ವ್ಯವಸ್ಥಾಪಕನ ಮುಂದಿಡುತ್ತೇವೆ, ಖರ್ಚು ಮಾತ್ರ ಕಡಿಮೆಯಾಗಲೆನ್ನುತ್ತೇವೆ. ಆಗ ಯಾತ್ರಿನಿವಾಸದ ಆಳು ಹದಿನಾಲ್ಕು ಗಂಟೆ ದುಡಿದರೆ ಭಾರ ಹೊರಿಸಿದವರು ಯಾರು? ಮುಂದಿನ ಸಭೆಯಲ್ಲಿ ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡುವ ಮುನ್ನ ಆ ವ್ಯವಸ್ಥಾಪಕನನ್ನು ಒಳಗೆ ಕರೆದು, ಕುಳ್ಳಿರಿಸಿ, ಕೇಳಿನೋಡಿ. ನಾನು ಕಂಡ ಸಭೆಗಳಲ್ಲೆಲ್ಲ ಅವನು ಕಡತ ಹಿಡಿದು ಬಾಗಿಲ ಬಳಿ ನಿಂತೇ ಇರುತ್ತಾನೆ.