ದಕ್ಷಿಣ ದಿಗಂತದ ಪರದೆ

ದಕ್ಷಿಣಗೋಳದ ನಕ್ಷತ್ರಗಳನ್ನು ಕಾಣಬೇಕಾದರೆ ಚಿಲಿಗೋ ಆಸ್ಟ್ರೇಲಿಯಾಕ್ಕೋ ಹೋಗಲೇಬೇಕೆಂದು ವೈಟ್‌ಫೀಲ್ಡಿನ ತರುಣರೊಬ್ಬರು, ಒಳ್ಳೆಯ ದೂರದರ್ಶಕವನ್ನು ಕೊಂಡಿರುವವರು, ನನ್ನೊಡನೆ ವಾದಿಸಿದರು. ಅಲ್ಲಿ ಆ ತಾರೆಗಳು ನೆತ್ತಿಯ ಸಮೀಪದಲ್ಲಿ ನಿಲ್ಲುವುದು ದಿಟ. ಇಲ್ಲಿ ಅವು ಕಾಣಿಸವೆಂಬುದನ್ನು ಮಾತ್ರ ನಾನು ಒಪ್ಪಲಾರೆ.

ಬೆಂಗಳೂರು ವಿಷುವದ್ರೇಖೆಗೆ ಕೇವಲ 13 ಅಂಶ ಉತ್ತರದಲ್ಲಿದೆ. ಆದುದರಿಂದ ದಕ್ಷಿಣ ಧ್ರುವಬಿಂದುವಿನ ಸುತ್ತಣ 13 ಅಂಶಗಳ ವಲಯವೊಂದನ್ನುಳಿದು ಮಿಕ್ಕ ಆಕಾಶವೆಲ್ಲವೂ ಒಂದಲ್ಲ ಒಂದು ವೇಳೆ ನಮ್ಮ ದಿಗಂತದ ಮೇಲೆ ಬರುವುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಯಾವುದರ ಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನೋ ಆ ಅಗಸ್ತ್ಯತಾರೆಯು ಇಲ್ಲಿ 24 ಅಂಶ ಮೇಲೇರುತ್ತದೆ. ಲಂಡನ್ನಿನವರಿಗೆ ಅದರ ದರ್ಶನವೇ ಇಲ್ಲ. ವೈಶಾಖದ ಇರುಳುಗಳಲ್ಲಿ ತ್ರಿಶಂಕುವೂ, ಅದರ ಎಡಕ್ಕೆ ಕಿನ್ನರಮಂಡಲದ ಆಲ್ಫಾ ತಾರೆಯೂ ತೋರುವುವು. ಈ ಆಲ್ಫಾ ಒಂದಲ್ಲ, ಎರಡು ಎಂಬುದನ್ನು ದೂರದರ್ಶಕದಿಂದ ಮೊದಲು ಕಂಡವನು ರಿಷೋ ಎಂಬ ಜೆಸುಯಿಟ್ ಪಾದ್ರಿ. ಕಂಡುದು 1689ರಲ್ಲಿ, ನಮ್ಮ ನೆರೆಯ ಪುದುಚೇರಿಯಿಂದ! ಇವೆರಡರ ಮೇಲ್ಗಡೆ ಇರುವ ಒಮೇಗಾ ಗುಚ್ಛವು ಬರಿಗಣ್ಣಿಗೆ ಮಸುಕು ಚುಕ್ಕೆ. ಯಂತ್ರದಲ್ಲಿ ನೋಡಿದರೆ ಚೆಲ್ಲಿದ ರಾಗಿ. ಅದರಲ್ಲಿ ಕೋಟಿಯಷ್ಟು ನಕ್ಷತ್ರಗಳುಂಟು.

ಹಾಗಾದರೆ ಆ ತರುಣರಿಗೆ ಕಾಣದುದೇಕೆ? ಈ ತಾರೆಗಳೆಲ್ಲ ತಗ್ಗಿನಲ್ಲಿ ಚಲಿಸತಕ್ಕವು. ಅವರ ದಕ್ಷಿಣಕ್ಕಾದರೋ ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಬೆಳಕು ಪರದೆಯಂತೆ ನಿಂತಿದೆ. ಪೀಣ್ಯದ ಕಾರ್ಖಾನೆಗಳಿಗೆ ರಾತ್ರಿಪಾಳಿಯ ನೆವವಾದರೂ ಉಂಟು. ಬೀಗ ಹಾಕಿದ ಕಚೇರಿಯ ಗಾಜಿನ ಮುಖಕ್ಕೆ ಇರುಳಿಡೀ ದೀಪ ಹಿಡಿಯುವುದು ಯಾರ ಸಲುವಾಗಿ?

ಕತ್ತಲಾದರೆ ಹೆಂಗಸರು ಮಕ್ಕಳು ನಡೆಯುವುದೆಂತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು ನಡೆಯುವವರ ಕಾಲಿಗೇ ಹೊರತು ಮೋಡಗಳ ಹೊಟ್ಟೆಗಲ್ಲ. ದೀಪದ ಮೇಲೊಂದು ಮುಚ್ಚಳವಿಟ್ಟರೆ ಬೀದಿಗೆ ಬೆಳಕು ಹೆಚ್ಚುವುದಲ್ಲದೆ ಕುಂದುವುದಿಲ್ಲ.

ವೈಟ್‌ಫೀಲ್ಡಿಗೆ ಅನತಿದೂರದ ಹೊಸಕೋಟೆಯಲ್ಲಿ ಕುಳಿತು ನಮ್ಮ ಖಭೌತವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಹಾನ್ಲೆಯ ಕತ್ತಲೆಯನ್ನು 2022ರಲ್ಲಿ ರಕ್ಷಿತವೆಂದು ಸಾರಲಾಯಿತು. ಅಲ್ಲಿಯ ಹಳ್ಳಿಗರು ದೀಪಗಳಿಗೆ ಮುಸುಕನ್ನೂ ಕಿಟಕಿಗಳಿಗೆ ದಪ್ಪ ಪರದೆಯನ್ನೂ ಹಾಕಿಕೊಂಡಿದ್ದಾರೆ. ತ್ರಿಶಂಕುವಾದರೋ ಅಲ್ಲಿ ಪೂರ್ತಿ ಏಳುವುದೇ ಇಲ್ಲ. ಅದು ಏಳುವ ಹೊಸಕೋಟೆಯ ಸೀಮೆಯಲ್ಲಿ ನಾವು ಕಾಪಾಡಿದುದೇನು?

ಆ ತರುಣರ ವಸತಿಗೃಹದ ಶಿಖರದಲ್ಲಿಯೇ ಆಕಾಶಮುಖವಾದ ಅಲಂಕಾರದೀಪಗಳು ಬೆಳಗಿನವರೆಗೂ ಉರಿಯುತ್ತವೆ. ಚಿಲಿಯ ಪ್ರಯಾಣಕ್ಕೆ ಮುನ್ನ ನಿವಾಸಿಗಳ ಸಂಘಕ್ಕೊಂದು ಅರ್ಜಿ ಬರೆಯಿರೆಂದೆ. ಬರೆಯುವೆನೆಂದಿದ್ದಾರೆ.