ಚಹಾ ಕುಡಿಸುವ ಮುನ್ನ ಒಂದು ಹನಿ ರಕ್ತ

ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಮನ್ನಾಏಖೇಳ್ಳಿಯಲ್ಲಿ ನನ್ನ ಸೋದರಮಾವನವರ ಮನೆಯಿದೆ. ಕೆಲವು ವರ್ಷಗಳ ಹಿಂದೆ ನಸುಕಿನ ವೇಳೆ ಅವರ ಮಾತು ತೊದಲತೊಡಗಿತು. ಮೈಯೆಲ್ಲ ಬೆವರು, ಹೆಂಡತಿಯ ಗುರುತೂ ಸಿಗದಂಥ ಮಂಕು. ಸಕ್ಕರೆ ಹೆಚ್ಚು ಹಾಕಿದ ಚಹಾ ಕುಡಿಸಿದರೆ ಕಾಲು ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಹೊಲಕ್ಕೆ ಹೊರಡುತ್ತಿದ್ದರು. ಊರವರು ಗಾಳಿ ಸೋಕಿದೆಯೆಂದರು. ವೈದ್ಯರೊಬ್ಬರು ಮೂರ್ಛೆರೋಗವೆಂದು ಗುಳಿಗೆ ಬರೆದರು. ಎರಡು ವರ್ಷ ಹೀಗೇ ಕಳೆಯಿತು. ಕಡೆಗೆ ಹೈದರಾಬಾದಿನಲ್ಲಿ ನಿಜ ಬಯಲಾಯಿತು: ಮೇದೋಜೀರಕ ಗ್ರಂಥಿಯಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದಾದ ಗಡ್ಡೆಯೊಂದು ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಸುತ್ತಿತ್ತು.

ಈ ಗ್ರಂಥಿಯ ಬಹುಪಾಲು ಜೀವಕೋಶಗಳ ಕೆಲಸ ಜೀರ್ಣರಸ ಒದಗಿಸುವುದು. ಅವುಗಳ ನಡುವೆ ನಡುಗಡ್ಡೆಗಳಂತೆ ಚದುರಿರುವ ಕೋಶಗುಚ್ಛಗಳನ್ನು 1869ರಲ್ಲಿ ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲಾಂಗರ್‌ಹಾನ್ಸ್ ವರ್ಣಿಸಿದ. ತೂಕದಲ್ಲಿ ಅವು ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ. ಆದರೆ ಇನ್ಸುಲಿನ್, ಗ್ಲುಕಗಾನ್ ಹಾರ್ಮೋನುಗಳು ಹುಟ್ಟುವುದು ಅಲ್ಲಿಯೇ. ಇನ್ಸುಲಿನ್ ಸುರಿಸುವ ಗಡ್ಡೆಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ನಿರಪಾಯಕಾರಿ. ಕೊಯ್ದು ತೆಗೆದರೆ ಸಾಮಾನ್ಯವಾಗಿ ರೋಗ ವಾಸಿ. ಇದೇ ಕೋಶಗಳಿಂದ ಏಳುವ ಇತರ ಕೆಲವು ಗಡ್ಡೆಗಳು ಯಕೃತ್ತಿಗೂ ಹಬ್ಬುತ್ತವೆ, ನಿಜ. ಆದರೂ ಜೀರ್ಣರಸದ ನಾಳದಲ್ಲಿ ಹುಟ್ಟುವ ಮಾಮೂಲಿ ಕ್ಯಾನ್ಸರಿನ ಧಾವಂತ ಅವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಆ್ಯಪಲ್‌ನ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ಈ ಬಗೆಯದು. ಅವರು 2011ರವರೆಗೆ ಬದುಕಿದ್ದರು. ನಮ್ಮ ಹಳ್ಳಿಗಳಲ್ಲಿ ಮಾತ್ರ ಮೇದೋಜೀರಕದ ಕ್ಯಾನ್ಸರ್ ಎಂದೊಡನೆ ಮನೆಯವರು ರೋಗಿಯನ್ನು ಊರಿಗೆ ಕರೆತಂದುಬಿಡುತ್ತಾರೆ. ಯಾವ ಕೋಶದ ಗಡ್ಡೆಯೆಂದು ಕೇಳಬೇಕೆಂಬುದು ಅವರಿಗೆ ತಿಳಿದಿರುವುದಿಲ್ಲ, ಹೇಳುವವರೂ ಕಡಿಮೆ.

ಇನ್ಸುಲಿನ್ ಗಡ್ಡೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಕಾಣಿಸುವ ರೋಗ. ಇಷ್ಟು ಅಪರೂಪದ್ದಕ್ಕೆ ಹಳ್ಳಿಯ ಆರೋಗ್ಯ ಕೇಂದ್ರ ತಲೆಕೆಡಿಸಿಕೊಳ್ಳಬೇಕೇ ಎಂದು ವೈದ್ಯ ಮಿತ್ರರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ದುಬಾರಿ ಸ್ಕ್ಯಾನ್ ಯಂತ್ರವನ್ನಲ್ಲ, ಗ್ಲುಕೋಮೀಟರನ್ನು. ಮಧುಮೇಹದ ಗುಳಿಗೆ ನುಂಗಿ, ಊಟ ತಪ್ಪಿಸಿ, ಸಕ್ಕರೆ ಇಳಿದು ಬೀಳುವವರು ಬೀದರ್ ಜಿಲ್ಲೆಯ ಯಾವ ಊರಿನಲ್ಲಿಲ್ಲ? ಅವರನ್ನೂ ಗುರುತಿಸುವುದು ಅದೇ ಒಂದು ಹನಿ ರಕ್ತ.

ಅದನ್ನು ಪರೀಕ್ಷಿಸಬೇಕಾದದ್ದು ಮಂಕು ಕವಿದಿರುವಾಗಲೇ. ನಮ್ಮ ಮಾವನವರನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಚಹಾ ತನ್ನ ಕೆಲಸ ಮುಗಿಸಿರುತ್ತಿತ್ತು. ವರದಿ ಪ್ರತಿ ಸಲವೂ ಸರಿಯಾಗಿಯೇ ಬರುತ್ತಿತ್ತು. ಆದ್ದರಿಂದ ಯಂತ್ರವೂ ಪಟ್ಟಿಗಳೂ ಊರಿನ ಆಶಾ ಕಾರ್ಯಕರ್ತೆಯ ಚೀಲದಲ್ಲಿರಲಿ. ಬೆರಳು ಚುಚ್ಚಿ ಅಂಕಿ ಬರೆದುಕೊಳ್ಳಲು ಅರೆ ನಿಮಿಷ ಸಾಕು, ಆಮೇಲೆ ಚಹಾ ಕುಡಿಸಲಿ.